ಉಡುಪಿಯ ಮನೆಯಲ್ಲಿ ಗ್ರೀಕ್ ದೇವರ ಹಬ್ಬ: ನೀವು ಕೇಳಿದ್ದು, ನಾನು ಹೇಳುವುದು

ಹಳೆಯ ಗ್ರೀಕ್ ದೇವರುಗಳನ್ನು ನಂಬಿ ಅವರ ಹಬ್ಬಗಳನ್ನು ಉಡುಪಿಯ ನಮ್ಮ ಮನೆಯಲ್ಲೇ ಮಾಡುತ್ತೇನೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಪತ್ರಗಳು ತುಂಬಾ ಬಂದಿವೆ. ಕೆಲವರು ಬೈದಿದ್ದಾರೆ, ಆದರೆ ಬೈದವರೂ ಏನಾದರೊಂದು ಕೇಳಿಯೇ ಬೈದಿದ್ದಾರೆ, ಹಾಗಾಗಿ ಅವರಿಗೂ ಉತ್ತರ ಇದೆ.

ಮೇಡಂ, ನಾನು ಮಂಗಳೂರಿನಲ್ಲಿ ಪಿಜಿಯಲ್ಲಿದ್ದು ಓದುತ್ತಿದ್ದೇನೆ. ರೂಮಿನಲ್ಲಿ ದೀಪ ಹಚ್ಚಲೂ ಬಿಡುವುದಿಲ್ಲ. ಪಾನಥೆನಾಯಾ ಹಬ್ಬ ಮಾಡಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ? – ಉರ್ವ

ತಮ್ಮಾ, ಪಾನಥೆನಾಯಾ ಸದ್ಯಕ್ಕೆ ಬೇಡ. ಅದು ಇಡೀ ಅಥೆನ್ಸ್ ಸೇರಿ ಮಾಡುತ್ತಿದ್ದ ಹಬ್ಬ. ಅಥೀನಾ ದೇವಿಗೆಂದು ಹೆಣ್ಣುಮಕ್ಕಳು ತಿಂಗಳುಗಟ್ಟಲೆ ಕೂತು ಒಂದು ಉಡುಪು ನೇಯುತ್ತಿದ್ದರು, ಅದನ್ನು ಮೆರವಣಿಗೆಯಲ್ಲಿ ಆಕ್ರೊಪೊಲಿಸ್ ಗುಡ್ಡಕ್ಕೆ ಒಯ್ಯುತ್ತಿದ್ದರು, ನಾಲ್ಕು ವರ್ಷಕ್ಕೊಮ್ಮೆ ಇನ್ನೂ ದೊಡ್ಡದಾಗಿ ಓಟ, ರಥದ ಸ್ಪರ್ಧೆ ಎಲ್ಲ ಇಟ್ಟು ಗೆದ್ದವರಿಗೆ ದೊಡ್ಡ ದೊಡ್ಡ ಮಣ್ಣಿನ ಜಾಡಿಗಳಲ್ಲಿ ಆಲಿವ್ ಎಣ್ಣೆ ಕೊಡುತ್ತಿದ್ದರು. ಕೃಷ್ಣಮಠದ ಪರ್ಯಾಯ ಉತ್ಸವವನ್ನು ಒಬ್ಬನೇ ರೂಮಿನೊಳಗೆ ಮಾಡುತ್ತೇನೆ ಅಂದ ಹಾಗಾಯಿತು ನಿನ್ನ ಮಾತು.

ಒಂದು ತಿಂಗಳು ಮುಗಿದು ಇನ್ನೊಂದು ಹುಟ್ಟುವ ಮೂರು ದಿನಗಳಿಂದ ಶುರು ಮಾಡು. ಮೊದಲನೆಯದು, ಚಂದ್ರನೇ ಕಾಣದ ರಾತ್ರಿ, ಹೆಕಟೆ ದೇವಿಯದ್ದು. ಗ್ರೀಕರು ಮನೆ ಗುಡಿಸಿ, ಆಕೆಯ ಊಟವನ್ನು ಮೂರು ದಾರಿ ಸೇರುವಲ್ಲಿ ಇಟ್ಟು ಬರುತ್ತಿದ್ದರು. ಬಡವರು ಅದನ್ನು ಎತ್ತಿಕೊಂಡು ತಿನ್ನುತ್ತಿದ್ದರು ಎಂದು ಅರಿಸ್ಟೊಫೆನಿಸ್‌ನ ನಾಟಕವೊಂದರಲ್ಲಿ ಬರುತ್ತದೆ. ಆದರೆ ದಯವಿಟ್ಟು ನೀನು ರಸ್ತೆಯಲ್ಲಿ ಅನ್ನ ಇಡಲು ಹೋಗಬೇಡ. ಅಮಾವಾಸ್ಯೆಯ ದಿನ ಮೂರು ದಾರಿ ಕೂಡುವಲ್ಲಿ ಏನಾದರೂ ಕಂಡರೆ ನಮ್ಮ ಜನ ಮಾಟ ಅಂತಲೇ ಹೆದರುತ್ತಾರೆ, ಇನ್ನೊಬ್ಬರನ್ನು ಹೆದರಿಸಿ ಮಾಡುವ ಪೂಜೆ ಯಾವ ದೇವರಿಗೆ ಬೇಕು ಹೇಳು. ರೂಮ್ ಗುಡಿಸು, ಬೇಡದ್ದನ್ನು ಹೊರಗೆ ಹಾಕು, ಹೆಕಟೆಯ ಹೆಸರು ಹೇಳಿ ಹಸಿದವರೊಬ್ಬರಿಗೆ ಊಟ ಕೊಡಿಸು. ಮರುದಿನ ನೌಮೇನಿಯಾ. ಹೊಸ ತಿಂಗಳ ಮೊದಲ ದಿನ, ಮನೆ ದೇವರುಗಳಿಗೆ ಹೂವು, ಧೂಪ, ಜೇನು. ಅದರ ಮರುದಿನ ಅಗಾಥೊಸ್ ದೈಮೊನ್‌ನದ್ದು, ಮನೆ ಕಾಯುವವನು. ಅವನನ್ನು ಹಾವಿನ ರೂಪದಲ್ಲಿ ಕಾಣುತ್ತಿದ್ದರು. ನಾಗಬನ ಇರುವ ಊರಿನವರಿಗೆ ಇದನ್ನು ಬಿಡಿಸಿ ಹೇಳುವುದು ಬೇಡ.

ದೀಪಕ್ಕೆ ಬಿಡದಿದ್ದರೆ ಬೇಸರ ಮಾಡಿಕೊಳ್ಳಬೇಡ. ಕೈ ತೊಳೆಯುವುದು ಮಾತ್ರ ತಪ್ಪಬಾರದು. ಕೈ ತೊಳೆಯದೆ ಬೆಳಿಗ್ಗೆ ಜೀಯಸ್‌ಗೆ ವೈನ್ ಎರೆಯಬೇಡ ಎಂದು ಕವಿ ಹೆಸಿಯಡ್ ಕ್ರಿಸ್ತಪೂರ್ವ 700ರ ಸುಮಾರಿಗೇ ಹೇಳಿದ್ದಾನೆ. ಮೊದಲು ಒಲೆಯ ದೇವಿ ಹೆಸ್ತಿಯಾಳನ್ನು ಕರೆ, ಆಮೇಲೆ ಉಳಿದವರನ್ನು. ಒಂದು ಲೋಟದಿಂದ ಸ್ವಲ್ಪ ನೀರನ್ನೋ ಹಾಲನ್ನೋ ಬಟ್ಟಲಿಗೆ ಎರೆ, ಕೊನೆಗೆ ಅದನ್ನು ಗಿಡದ ಬುಡಕ್ಕೆ ಹಾಕು. ಕನ್ನಡದಲ್ಲೇ ಮಾತಾಡು. ಮನೆಮಾತು ತುಳು ಆದರೆ ತುಳುವಿನಲ್ಲಿ. ಒಂದು ವರ್ಷ ತಿಂಗಳು ತಿಂಗಳು ಇಷ್ಟನ್ನೇ ತಪ್ಪದೆ ಮಾಡಿದವರಿಗೆ ದೊಡ್ಡ ಹಬ್ಬ ತಾನಾಗಿ ಹತ್ತಿರ ಬರುತ್ತದೆ. ಇದನ್ನು ನಾನು ಕಂಡಿದ್ದೇನೆ.

ಗ್ರೀಕ್ ತಿಂಗಳನ್ನು ನಮ್ಮ ಪಂಚಾಂಗಕ್ಕೆ ಹೊಂದಿಸುವುದು ಹೇಗೆ? ಅಲ್ಲಿ ಬೇಸಿಗೆ ಇರುವಾಗ ನಮ್ಮಲ್ಲಿ ಜಡಿಮಳೆ. ಆ ಹಬ್ಬಗಳಿಗೆ ಇಲ್ಲಿ ಅರ್ಥ ಇದೆಯೇ? – ನಿವೃತ್ತ ಶಿಕ್ಷಕರು, ಕಾಪು

ಮೇಷ್ಟ್ರೇ, ನೀವಂದುಕೊಂಡಷ್ಟು ಕಷ್ಟ ಇಲ್ಲ. ಅಥೆನ್ಸಿನ ತಿಂಗಳು ಚಾಂದ್ರಮಾನದ್ದು. ಹನ್ನೆರಡು ತಿಂಗಳಿಗೆ 354 ದಿನ ಆಗುತ್ತದೆ, ಸೂರ್ಯನ ವರ್ಷಕ್ಕೆ ಕಡಿಮೆ ಬೀಳುತ್ತದೆ, ಅದಕ್ಕೆ ಅವರೂ ನಡುನಡುವೆ ಒಂದು ಅಧಿಕ ಮಾಸ ಸೇರಿಸುತ್ತಿದ್ದರು. ಜೂನ್ 21ರ ಆಸುಪಾಸಿನ ಅತಿ ಉದ್ದದ ಹಗಲು ಕಳೆದ ಮೇಲೆ ಬರುವ ಮೊದಲ ಅಮಾವಾಸ್ಯೆ ದಾಟಿ, ಎಳೆ ಚಂದ್ರ ಕಂಡ ಸಂಜೆಗೆ ಅವರ ಹೊಸ ವರ್ಷ. ದಿನ ಶುರುವಾಗುವುದೇ ಸೂರ್ಯ ಮುಳುಗಿದ ಮೇಲೆ. ಆ ಮೊದಲ ತಿಂಗಳು ಹೆಕಟೊಂಬಯೊನ್, ಹೆಚ್ಚಿನ ವರ್ಷ ನಮ್ಮ ಆಷಾಢಕ್ಕೆ ಸರಿಯಾಗಿ ಕೂರುತ್ತದೆ.

ಇದರಿಂದ ಏನಾಗುತ್ತದೆ ನೋಡಿ. ಪಾನಥೆನಾಯಾ ಬರುವುದು ಆ ತಿಂಗಳ 28ಕ್ಕೆ. ಅಂದರೆ ಹೆಚ್ಚಾಗಿ ನಮ್ಮ ಆಟಿ ಅಮಾವಾಸ್ಯೆಯ ಪಕ್ಕದಲ್ಲೇ! ಎರಡೂ ಒಂದೇ ದಿನ ಬಿದ್ದರೆ ನಮ್ಮ ಮನೆಯಲ್ಲಿ ಬೆಳಿಗ್ಗೆ ಖಾಲಿ ಹೊಟ್ಟೆಗೆ ಹಾಲೆ ಮರದ ಕೆತ್ತೆಯ ಕಷಾಯ, ಸಂಜೆ ಅಥೀನಾಗೆ ಎಣ್ಣೆ ದೀಪ. ಒಂದು ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ.

ಮಳೆಯ ಪ್ರಶ್ನೆ ಮಾತ್ರ ಗಟ್ಟಿಯಾದದ್ದು. ಗ್ರೀಸ್‌ನಲ್ಲಿ ಬೇಸಿಗೆ ಅಂದರೆ ಭೂಮಿ ಒಣಗಿ ಬಿರಿಯುವ ಕಾಲ. ಮಳೆ ಬರುವುದು ಅಕ್ಟೋಬರ್ ಹೊತ್ತಿಗೆ, ಬಿತ್ತುವುದೂ ಆಗಲೇ. ಹಾಗಾಗಿ ಬೆಳೆಯ ದೇವಿ ಡಿಮೀಟರ್ ಮತ್ತು ಅವಳ ಮಗಳು ಪರ್ಸೆಫೊನಿಯ ಥೆಸ್ಮೊಫೋರಿಯಾ ಆ ಸಮಯಕ್ಕೆ ಬರುತ್ತದೆ. ಹೆಂಗಸರು ಮಾತ್ರ ಮಾಡುವ ಹಬ್ಬ. ಅಥೆನ್ಸಿನಲ್ಲಿ ಮೂರು ದಿನ, ನಡುವಿನ ದಿನ ನೆಲದ ಮೇಲೆ ಕೂತು ಉಪವಾಸ. ಇದನ್ನು ನಮ್ಮ ಮುಂಗಾರಿಗೆ ಎಳೆದು ತರಬೇಕು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಕ್ಟೋಬರ್ ಅಂದರೆ ಇಲ್ಲಿ ಮಳೆಗಾಲದ ಏಣೇಲು ಬೆಳೆ ಕೊಯ್ದು ಸುಗ್ಗಿ ಬೆಳೆಗೆ ಗದ್ದೆ ಹದ ಮಾಡುವ ಕಾಲ, ನಮ್ಮಲ್ಲೂ ಬಿತ್ತನೆ ಇದ್ದೇ ಇದೆ ಅಲ್ವಾ? ಮತ್ತೆ, ಅದೇ ಚಂದ್ರನನ್ನು ನೋಡಿ ಬೇರೆ ದೇಶಗಳಲ್ಲೂ ಜನ ಅದೇ ಸಂಜೆ ಆ ದೇವರನ್ನು ಕರೆಯುತ್ತಿರುತ್ತಾರೆ. ಆ ಜೊತೆಯನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ದಿನ ಅವರದ್ದು ಇರಲಿ, ಎಡೆಗೆ ಇಡುವುದು ನಮ್ಮ ಮಣ್ಣಿನದ್ದಾಗಲಿ.

ನನ್ನ ಮಗ ಅವನ ಕೋಣೆಯಲ್ಲಿ ಅಥೀನಾಳ ಮೂರ್ತಿ ಇಟ್ಟು ದಿನಾ ಜೇನು ಇಡುತ್ತಾನೆ. ನಮ್ಮದು ಮಡಿ ಇರುವ ಮನೆ. ನಮ್ಮ ದೇವರಿಗೆ ಸಿಟ್ಟು ಬರುವುದಿಲ್ಲವೇ? ನಾಳೆ ವೈನ್, ಮಾಂಸ ಅಂದರೆ ಏನು ಮಾಡುವುದು? – ಕಡಿಯಾಳಿ

ಅಮ್ಮಾ, ನಿಮ್ಮ ಹೆದರಿಕೆ ನನಗೆ ಅರ್ಥವಾಗುತ್ತದೆ. ಮೊದಲು ವೈನ್, ಮಾಂಸದ ವಿಷಯ ಹೇಳುತ್ತೇನೆ. ಎರಡೂ ಇಲ್ಲದ ಪೂಜೆ ಗ್ರೀಕರಲ್ಲೇ ಇತ್ತು. ಕೆಲವು ದೇವರಿಗೆ ವೈನ್ ತರಲೇಬಾರದು, ಯೂಮೆನಿಡಿಸ್ ಅನ್ನುವ ದೇವಿಯರಿಗೆ ಜೇನು ಬೆರೆಸಿದ ನೀರನ್ನೇ ಎರೆಯುತ್ತಿದ್ದರು. ಪೈಥಾಗೊರಸ್‌ನ ದಾರಿ ಹಿಡಿದವರಲ್ಲಿ ಎಷ್ಟೋ ಜನ ಮಾಂಸ ಬಿಟ್ಟಿದ್ದರು, ತತ್ವಜ್ಞಾನಿ ಎಂಪೆಡೊಕ್ಲಿಸ್ ರಕ್ತದ ಬಲಿಯನ್ನು ಕಟುವಾಗಿ ಖಂಡಿಸಿದ್ದಾನೆ. ಹಾಲು, ಜೇನು, ನೀರು, ಎಣ್ಣೆ, ಹಣ್ಣು, ಧೂಪ, ಹಿಟ್ಟಿನ ಭಕ್ಷ್ಯ. ಇಷ್ಟರಲ್ಲಿ ನಿಮ್ಮ ಮಗ ಇಡೀ ವರ್ಷದ ಆಚರಣೆ ಮಾಡಬಹುದು, ಯಾರೂ ಅರ್ಧಂಬರ್ಧ ಅನ್ನುವ ಹಾಗಿಲ್ಲ. ಇದನ್ನು ಅವನಿಗೆ ಧೈರ್ಯವಾಗಿ ಹೇಳಿ.

ಇನ್ನು ಸಿಟ್ಟಿನ ಮಾತು. ನಿಮ್ಮ ಮನೆಯವರೇ ಮಠಕ್ಕೆ ಹೋಗಿ ಕೃಷ್ಣನ ದರ್ಶನ ಮಾಡುತ್ತಾರೆ, ನಾಗರ ಪಂಚಮಿಗೆ ಬನಕ್ಕೆ ಹೋಗಿ ತನು ಎರೆಯುತ್ತಾರೆ. ಒಬ್ಬರ ಮರ್ಯಾದೆಯಿಂದ ಇನ್ನೊಬ್ಬರಿಗೆ ಕಡಿಮೆ ಆಯಿತು ಅಂತ ಎಂದಾದರೂ ಅನಿಸಿದೆಯಾ? ಅಥೀನಾ ಅವನ ಕೋಣೆಯಲ್ಲೇ ಇರಲಿ, ದೇವರ ಕೋಣೆಗೆ ತರುವುದು ಬೇಡ. ಅವನ ಪಾತ್ರೆ ಅವನೇ ತೊಳೆಯಲಿ, ಎಡೆ ಅವನೇ ತೆಗೆಯಲಿ. ಒಂದು ಸಂಜೆ ಕೂತು, ಇವಳು ಯಾರು ಮಗಾ ಅಂತ ಕೇಳಿ. ನೇಯ್ಗೆಯವರ, ಕುಶಲ ಕೆಲಸದವರ ದೇವಿ, ಊರು ಕಾಯುವವಳು. ಕೇಳಲು ಯೋಗ್ಯವಾದ ಕಥೆಗಳಿವೆ.

ನಮ್ಮಲ್ಲಿ ಸಾವಿರದೊಂದು ದೈವ ಇರುವಾಗ ಪರದೇಶದ ದೇವರು ಯಾಕೆ ಮಾರಾಯ್ರೆ? ಅಪೊಲೊ ಅಂದರೂ ಕೃಷ್ಣ ಅಂದರೂ ಒಂದೇ ಎಂದಮೇಲೆ ಕೃಷ್ಣನನ್ನೇ ಪೂಜಿಸಿ. – ಕುಂದಾಪುರ

ಒಂದೇ ಅಲ್ಲ. ನನ್ನ ನಂಬಿಕೆಯ ಬೇರು ಇರುವುದೇ ಇಲ್ಲಿ.

ಪಂಜುರ್ಲಿಯೂ ಗುಳಿಗನೂ ಒಂದೇ ಅಂತ ಒಬ್ಬ ತುಳುವರ ಮುಂದೆ ಹೇಳಿ ನೋಡಿ. ಪ್ರತಿ ದೈವಕ್ಕೂ ಅದರದ್ದೇ ಪಾಡ್ದನ ಇದೆ, ಅದರದ್ದೇ ಅಣಿ, ಬಣ್ಣ, ನಡೆ ಇದೆ. ಒಂದಕ್ಕೆ ಕೊಡುವುದನ್ನು ಇನ್ನೊಂದಕ್ಕೆ ಕೊಡುವುದಿಲ್ಲ. ಇವರೆಲ್ಲ ಒಬ್ಬರದ್ದೇ ಮುಖವಾಡ ಅಂತ ಬಗೆದರೆ ಕೋಲದ ರಾತ್ರಿ ಅಷ್ಟು ಕಟ್ಟುಕಟ್ಟಳೆ ಯಾಕೆ ಬೇಕು? ಅಲ್ಲಿ ನಿಂತಿರುವವರು ಇಂಥವರೇ ಅನ್ನುವ ನಂಬಿಕೆ ಇರುವುದರಿಂದ ಅದೆಲ್ಲ ಇದೆ. ಬಹುದೇವರನ್ನು ನಂಬುವುದು ಅಂದರೆ ನನಗೆ ಇದೇ. ಇದನ್ನು ನಾನು ಕಲಿತದ್ದು ಗ್ರೀಸ್‌ನಿಂದ ಅಲ್ಲ, ಈ ಜಿಲ್ಲೆಯಿಂದ. ಆದ್ದರಿಂದ ಅಪೊಲೊಗೆ ನವಿಲುಗರಿ ಸಿಕ್ಕಿಸುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಅದು ಇಬ್ಬರಿಗೂ ಮಾಡುವ ಅವಮಾನ.

ಪರದೇಶ ಅಂದಿರಿ. ಕ್ರಿಸ್ತಪೂರ್ವ ಎರಡನೇ ಶತಮಾನದಲ್ಲಿ ತಕ್ಷಶಿಲೆಯಿಂದ ರಾಯಭಾರಿಯಾಗಿ ಬಂದ ಹೆಲಿಯೊಡೊರಸ್ ಅನ್ನುವ ಗ್ರೀಕ, ವಿದಿಶಾದ ಹತ್ತಿರ ವಾಸುದೇವನಿಗೆ ಗರುಡಗಂಬ ನಿಲ್ಲಿಸಿದ. ಕಂಬ ಇವತ್ತಿಗೂ ಇದೆ. ಶಾಸನದಲ್ಲಿ ಅವನು ಭಾಗವತನೂ ಹೌದು, ಯವನನೂ ಹೌದು. ಅವನಿಗೆ ಕೃಷ್ಣ ಪರದೇಶದ ದೇವರೇ ಆಗಿದ್ದ. ನಮ್ಮ ಕರಾವಳಿಗೂ ಒಂದು ಎಳೆ ಇದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿದ ಒಂದು ಗ್ರೀಕ್ ಪ್ರಹಸನದಲ್ಲಿ, ಭಾರತದ ಕಡಲತೀರದ ರಾಜನ ಕೈಗೆ ಸಿಕ್ಕಿದ ಖರಿಟಿಯೊನ್ ಅನ್ನುವ ಹುಡುಗಿಯ ಕಥೆ ಬರುತ್ತದೆ. ಅದರಲ್ಲಿರುವ ಅರ್ಥವಾಗದ ಮಾತುಗಳು ಕನ್ನಡ ಎಂದು ಜರ್ಮನ್ ವಿದ್ವಾಂಸ ಹುಲ್ಟ್ಶ್ 1904ರಲ್ಲಿ ವಾದಿಸಿದರು, ಮುಂದೆ ತುಳು ಅಂದವರೂ ಇದ್ದಾರೆ, ಒಪ್ಪದ ವಿದ್ವಾಂಸರೂ ಇದ್ದಾರೆ. ಏನೇ ಇರಲಿ, ಆ ಕಾಲದಲ್ಲಿ ಗ್ರೀಕ್ ಮಾತಾಡುವ ವ್ಯಾಪಾರಿಗಳ ಹಡಗು ನಮ್ಮ ಪಶ್ಚಿಮ ಕರಾವಳಿಗೆ ಬರುತ್ತಿದ್ದುದಂತೂ ಖಂಡಿತ.

ಯಾಕೆ ಅಂತ ಕೇಳಿದಿರಿ. ಅಥೀನಾ ನನಗೆ ಹತ್ತಿರದವಳು ಅನಿಸಿದಳು. ಬೇರೆ ಕಾರಣ ಹುಡುಕುತ್ತಾ ಹೋಗಿಲ್ಲ.

ಈ ಧರ್ಮ ಸತ್ತು ಸಾವಿರಾರು ವರ್ಷ ಆಯಿತಲ್ಲ? ಈಗ ಯಾರಾದರೂ ಮಾಡುತ್ತಾರಾ? – ಸುರತ್ಕಲ್

ಮಾಡುತ್ತಾರೆ. ರೋಮನ್ ಚಕ್ರವರ್ತಿ ಥಿಯೊಡೊಸಿಯಸ್ ಕ್ರಿಸ್ತಶಕ 391-392ರಲ್ಲಿ ಹಳೆಯ ಪೂಜೆಗಳನ್ನು ನಿಷೇಧಿಸಿದ, ಸರಪಳಿ ಕಡಿದದ್ದು ನಿಜ, ಅದನ್ನು ಮುಚ್ಚಿಡುವುದು ತಪ್ಪು. ಈಗಿನದು ಮತ್ತೆ ಕಟ್ಟಿದ್ದು. ಗ್ರೀಸ್‌ನಲ್ಲಿ 1997ರಲ್ಲಿ ಈ ಧರ್ಮದವರ ಒಂದು ಪರಿಷತ್ತು ಹುಟ್ಟಿತು, 2007ರ ಜನವರಿಯಲ್ಲಿ ಇನ್ನೊಂದು ಗುಂಪಿನವರು ಅಥೆನ್ಸಿನ ಜೀಯಸ್ ದೇವಾಲಯದ ಅವಶೇಷಗಳ ಎದುರು ಪ್ರಾರ್ಥನೆ ಮಾಡಿದರು, 2017ರಲ್ಲಿ ಸರ್ಕಾರ ಈ ಧರ್ಮಕ್ಕೆ ಮಾನ್ಯತೆ ಕೊಟ್ಟಿತು. ಅಮೆರಿಕ, ಯುರೋಪಿನ ಬೇರೆ ದೇಶಗಳಲ್ಲೂ ಮನೆಮನೆಯಲ್ಲಿ ಮಾಡುವವರಿದ್ದಾರೆ.

ನಾವು ದೈವಕ್ಕೆ ಕೋಳಿ ಕೊಡುವ ಮನೆಯವರು. ಗ್ರೀಕ್ ದೇವರಿಗೂ ಕೊಡಬಹುದಾ? – ಕಾರ್ಕಳ

ಬೇಡ. ಅಲ್ಲಿ ಬಲಿಗೆ ಅದರದ್ದೇ ಕ್ರಮ ಇತ್ತು: ಜವೆಗೋಧಿ ಎರಚುವುದು, ಕೊಬ್ಬು ಮೂಳೆ ಬೆಂಕಿಗೆ, ಮಾಂಸ ಜನರಿಗೆ ಹಂಚುವುದು. ಅದನ್ನು ಕಲಿಸುವ ಹಿರಿಯರು ನಮ್ಮ ಮುಂದೆ ಇಲ್ಲ, ಕ್ರಮ ತಿಳಿಯದೆ ಜೀವ ತೆಗೆಯಬಾರದು. ಇವತ್ತಿನ ಹೆಚ್ಚಿನ ಭಕ್ತರು ಬಲಿ ಕೊಡುವುದಿಲ್ಲ. ಜೀಯಸ್‌ನ ಡಯಾಸಿಯಾ ಹಬ್ಬಕ್ಕೆ ಪ್ರಾಣಿಯ ಆಕಾರದ ಹಿಟ್ಟಿನ ಭಕ್ಷ್ಯ ಅರ್ಪಿಸುವ ರೂಢಿ ಅಥೆನ್ಸಿನಲ್ಲೇ ಇತ್ತು. ಅದು ನಿಮಗೆ ಸಾಕು.

ಮಕ್ಕಳ ಜೊತೆ ಮಾಡಬಹುದಾದ ಒಂದು ಹಬ್ಬ ಹೇಳಿ. – ಮೂಡುಬಿದಿರೆ

ಇದಕ್ಕೆ ಕಾಯುತ್ತಿದ್ದೆ! ಪ್ಯಾನೊಪ್ಸಿಯಾ ಮಾಡಿ. ಅಪೊಲೊನ ಹಬ್ಬ, ಪ್ಯಾನೆಪ್ಸಿಯೊನ್ ತಿಂಗಳ ಏಳನೇ ದಿನ, ಹೆಚ್ಚಿನ ವರ್ಷ ನಮ್ಮ ನವರಾತ್ರಿಯ ನಡುವೆಯೇ ಬರುತ್ತದೆ. ಗ್ರೀಕ್ ಪುರಾಣದ ವೀರ ಥೀಸಿಯಸ್ ಕ್ರೀಟ್ ದ್ವೀಪದ ರಾಕ್ಷಸನನ್ನು ಕೊಂದು ಜೀವಸಹಿತ ವಾಪಸ್ ಬಂದಾಗ ಅವನ ಜೊತೆಯವರು ಉಳಿದಿದ್ದ ಕಾಳುಗಳನ್ನೆಲ್ಲ ಒಂದೇ ಪಾತ್ರೆಗೆ ಹಾಕಿ ಬೇಯಿಸಿ ಒಟ್ಟಿಗೆ ಕೂತು ಉಂಡರಂತೆ. ಅದರ ನೆನಪಿಗೆ ಕಾಳು ಬೇಯಿಸುವುದು. ನಾನು ಹುರುಳಿ, ಅಲಸಂಡೆ, ಹೆಸರು, ಕಡಲೆ ಹಾಕುತ್ತೇನೆ. ಹಿಂದಿನ ರಾತ್ರಿ ನೆನೆಸಿಡಿ, ಹುರುಳಿ ಬೇಗ ಬೇಯುವುದಿಲ್ಲ.

ಮಕ್ಕಳಿಗೆ ಇಷ್ಟ ಆಗುವುದು ಐರೆಸಿಯೊನೆ. ಆಲಿವ್ ಕೊಂಬೆಗೆ ಉಣ್ಣೆ ಸುತ್ತಿ, ಅಂಜೂರ, ಪುಟ್ಟ ರೊಟ್ಟಿ, ಜೇನಿನ ಮತ್ತು ಎಣ್ಣೆಯ ಸಣ್ಣ ಕುಡಿಕೆ ಕಟ್ಟಿ, ಹುಡುಗರು ಅದನ್ನು ಹಿಡಿದು ಹಾಡುತ್ತಾ ಹೋಗುತ್ತಿದ್ದರು. ಆಮೇಲೆ ಬಾಗಿಲಿಗೆ ಕಟ್ಟಿದರೆ ಮುಂದಿನ ವರ್ಷದವರೆಗೂ ಅಲ್ಲೇ. ಹೊಸ ತೆನೆ ತಂದು ಮನೆ ತುಂಬಿಸಿಕೊಳ್ಳುವ ನಮ್ಮ ಮಕ್ಕಳಿಗೆ ಇದನ್ನು ಹೇಳಿಕೊಡುವುದೇ ಬೇಡ, ತಾವೇ ಕಟ್ಟಿಬಿಡುತ್ತಾರೆ. ತೆನೆ ಕಟ್ಟಿದ ಜಾಗದಲ್ಲೇ ಕಟ್ಟಬೇಡಿ, ಬಾಗಿಲಿನ ಇನ್ನೊಂದು ಬದಿಗೆ ಕಟ್ಟಿ. ಆಲಿವ್ ಕೊಂಬೆ ಇಲ್ಲಿ ಸಿಗುವುದು ಕಷ್ಟ, ಮಾವಿನ ಕೊಂಬೆ ಆದೀತು. ಉಣ್ಣೆ ದಾರ ಬಿಳಿ ಮತ್ತು ಕೆಂಪು ತೆಗೆದುಕೊಳ್ಳಿ. ಒಣ ಅಂಜೂರ ದಿನಸಿ ಅಂಗಡಿಯಲ್ಲೇ ಇರುತ್ತದೆ. ರೊಟ್ಟಿಯನ್ನು ಚೆನ್ನಾಗಿ ಒಣಗಿಸಿ ಕಟ್ಟಿ, ಇಲ್ಲದಿದ್ದರೆ ಈ ತೇವಕ್ಕೆ ನಾಲ್ಕೇ ದಿನದಲ್ಲಿ ಬೂಸ್ಟು ಹಿಡಿಯುತ್ತದೆ.