ಹಳೆಯ ಷೆವ್ರೊಲೆ ಸ್ಪೋರ್ಟ್ಸ್ ಕಾರಿನ ಎಂಜಿನ್ ಅಸಲಿಯೇ ಎಂದು ಪತ್ತೆ ಮಾಡುವುದು ಹೇಗೆ?

ಬ್ಲಾಕ್ (ಎಂಜಿನ್ನಿನ ಎರಕ ಹೊಯ್ದ ಮುಖ್ಯ ಲೋಹದ ಭಾಗ) ಮೇಲಿನ ಎರಕದ ದಿನಾಂಕವನ್ನು ಕಾರು ತಯಾರಾದ ದಿನಾಂಕದ ಜೊತೆ ಹೋಲಿಸಿ. ಎರಕದ ಸಂಖ್ಯೆಯೊಂದನ್ನೇ ನಂಬಬೇಡಿ. ಅದೇ ಸಂಖ್ಯೆ ಸಾವಿರಾರು ಬ್ಲಾಕ್‌ಗಳಲ್ಲಿರುತ್ತದೆ. 60ರ ದಶಕದ ಬ್ಲಾಕ್‌ನಲ್ಲಿ ‘ಸಿ 14 9’ ಎಂದಿದ್ದರೆ 1969ರ ಮಾರ್ಚ್ 14: ಅಕ್ಷರ ತಿಂಗಳನ್ನೂ ಕೊನೆಯ ಅಂಕಿ ವರ್ಷವನ್ನೂ ಹೇಳುತ್ತದೆ. ಕಾರಿಗಿಂತ ಮೊದಲು ಎಂಜಿನ್ ಸಿದ್ಧವಾಗಿರಲೇಬೇಕಲ್ಲ? ದಿನಾಂಕ ಕಾರಿನದಕ್ಕಿಂತ ಈಚಿನದಾದರೆ ಬ್ಲಾಕ್ ಬದಲಾಗಿದೆ ಎಂದೇ ಅರ್ಥ. 1968ರ ಮಾದರಿಯಿಂದೀಚೆಗೆ ಕಾರಿನ ಗುರುತಿನ ಸಂಖ್ಯೆಯ ಒಂದು ಭಾಗವನ್ನೂ ಎಂಜಿನ್ ಮೇಲೆ ಒತ್ತಿರುತ್ತಾರೆ. ಅದು ಹೊಂದಿದರೆ ಸಾಕ್ಷ್ಯ ಗಟ್ಟಿ.

ರಿಪೇರಿಗೆ ಕೊಡುವಾಗ ಹುಷಾರು. ಒತ್ತಿದ ಅಂಕಿಗಳು ಹೆಚ್ಚಾಗಿ ಸಿಲಿಂಡರ್ ಹೆಡ್ (ಬ್ಲಾಕ್‌ನ ಮೇಲ್ಮುಚ್ಚಳ) ಕೂರುವ ಮಟ್ಟದಲ್ಲೇ, ಅದರ ಮುಂದಿರುತ್ತವೆ. ಆ ಮೇಲ್ಮೈಯನ್ನು ಹೆರೆದು ಸಮ ಮಾಡಿದರೆ ಅಂಕಿಗಳೂ ಕಾರ್ಖಾನೆಯ ಸಣ್ಣ ಗೀರುಗಳೂ ಅಳಿಸಿಹೋಗುತ್ತವೆ. ಮೊದಲೇ ಫೋಟೊ ತೆಗೆದಿಟ್ಟು, ಆ ಜಾಗ ಮುಟ್ಟದಂತೆ ಹೇಳಿ. ಅಳಿಸಿದ ಮೇಲೆ ಮತ್ತೆ ಒತ್ತಿಸಿದರೆ ತಿಳಿದವರು ಅದನ್ನು ನಕಲಿ ಎಂದೇ ಅನುಮಾನಿಸುತ್ತಾರೆ.