ಪರದೆ ಹಸಿರು, ಗ್ರಾಹಕ ಕೆಂಪು

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ವಾಹನಗಳ ಬಿಡಿಭಾಗ ತಯಾರಿಸುವ ಸಣ್ಣ ಕಾರ್ಖಾನೆ. ಬಿಸಿನೆಸ್ ಇಂಟೆಲಿಜೆನ್ಸ್ (ಬಿಐ) ತಂತ್ರಾಂಶ ಹಾಕಿಸಿದರೆ ಪರ್ಫಾರ್ಮೆನ್ಸ್ ಮ್ಯಾನೇಜ್‌ಮೆಂಟ್ ತಾನಾಗಿಯೇ ಬರುತ್ತದೆ ಎನ್ನುತ್ತಾರೆ ಅದನ್ನು ಮಾರುವವರು. ಎರಡೂ ಒಂದೆಯೇ?

ಉತ್ತರ: ಒಂದೇ ಅಲ್ಲ. ಬಿಐ ನಿಮ್ಮ ಟ್ಯಾಲಿ, ಸ್ಟೋರ್ಸ್, ಉತ್ಪಾದನೆಯ ಲೆಕ್ಕಗಳನ್ನು ಒಂದೆಡೆ ತಂದು ಏನಾಯಿತು, ಎಲ್ಲಿ ಆಯಿತು ಎಂದು ತೋರಿಸುತ್ತದೆ. ಎಷ್ಟಾಗಬೇಕಿತ್ತು, ಆಗದಿದ್ದರೆ ಯಾರು ಏನು ಮಾಡಬೇಕು ಎಂಬುದನ್ನು ನೀವೇ ಕುಳಿತು ತೀರ್ಮಾನಿಸಬೇಕು. ಪರ್ಫಾರ್ಮೆನ್ಸ್ ಮ್ಯಾನೇಜ್‌ಮೆಂಟ್ ಎಂದರೆ ಅದು. ಹಾಗೆ ಕುಳಿತು ಮಾತನಾಡುವ ಸಭೆಯೇ ನಡೆಯದಿದ್ದರೆ ಡ್ಯಾಶ್‌ಬೋರ್ಡ್, ಅಂದರೆ ಬಿಐ ಅಂಕಿಗಳನ್ನು ತೋರಿಸುವ ಪರದೆ, ಗೋಡೆಗೆ ನೇತುಹಾಕಿದ ಇನ್ನೊಂದು ಟಿವಿ, ಅಷ್ಟೇ.

ನಾನು ನೋಡಿದ ಒಂದು ಕಾರ್ಖಾನೆಯಲ್ಲಿ ಪರದೆಯ ಮೇಲೆ 'ಸಕಾಲದ ರವಾನೆ' ತಿಂಗಳುಗಟ್ಟಲೆ ಹಸಿರಾಗಿಯೇ, ಅಂದರೆ ಗುರಿ ಮುಟ್ಟಿದಂತೆಯೇ, ಇತ್ತು. ಗ್ರಾಹಕರು ಮಾತ್ರ ದಿನವೂ ಫೋನಿನಲ್ಲಿ ಬೈಯುತ್ತಿದ್ದರು. ಒಂದು ಆರ್ಡರ್ ಬಿಡಿಸಿ ನೋಡಿದೆವು: ಕಾಗದದಲ್ಲಿ 10ನೇ ತಾರೀಖು, ಕಂಪ್ಯೂಟರಿನಲ್ಲಿ 17. ಸರಕು ತಡವಾಗುತ್ತದೆ ಎಂದು ಗೊತ್ತಾದಾಗಲೆಲ್ಲ ಡಿಸ್ಪ್ಯಾಚ್ ಗುಮಾಸ್ತರು ಗ್ರಾಹಕರಿಂದ ಹೊಸ ದಿನಾಂಕ ಕೇಳಿ ಹಳೆಯದರ ಮೇಲೆಯೇ ಬರೆಯುತ್ತಿದ್ದರು. ಮೋಸವೇನಲ್ಲ, ದಿನಾಂಕಕ್ಕೆ ಇದ್ದದ್ದು ಒಂದೇ ಕಾಲಂ! 'ಗ್ರಾಹಕರು ಮೊದಲು ಕೇಳಿದ ದಿನ' ಎಂಬ ಇನ್ನೊಂದು ಕಾಲಂ ಸೇರಿಸಿದ ಮೇಲೆ ಪರದೆಯ ಬಣ್ಣವೇ ಬದಲಾಯಿತು. ಸೋಮವಾರದ ಸಭೆಯಲ್ಲಿ ಅಂದು ಮೊದಲ ಬಾರಿಗೆ ಕೆಲಸದ ಮಾತು ನಡೆಯಿತು. ಯಂತ್ರಗಳು ನಿಧಾನವೆಂದು ಎಲ್ಲರೂ ನಂಬಿದ್ದರು; ಸರಕು ಕೊಳೆಯುತ್ತಿದ್ದದ್ದು ಹೀಟ್ ಟ್ರೀಟ್‌ಮೆಂಟಿಗೆಂದು (ಲೋಹವನ್ನು ಕಾಯಿಸಿ ಹದಗೊಳಿಸುವ ಕೆಲಸ) ಜಾಬ್ ವರ್ಕ್ ಕೊಟ್ಟ ಹೊರಗಿನ ಘಟಕದಲ್ಲಿ. ಅಲ್ಲಿಗೆ ಯಾರು ಹೋಗಿ ಮಾತನಾಡಬೇಕು ಎಂದು ಹೆಸರು ಗೊತ್ತುಮಾಡಿದ ಮೇಲೆಯೇ ಸಭೆ ಮುಗಿದದ್ದು.

ಗುರಿ ಇಡುವುದರಲ್ಲೂ ಅಪಾಯವಿದೆ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕು ಒಬ್ಬೊಬ್ಬ ಗ್ರಾಹಕರಿಗೆ ಎಂಟೆಂಟು ಸೇವೆ ಮಾರಬೇಕೆಂದು ಸಿಬ್ಬಂದಿಯ ಬೆನ್ನು ಹತ್ತಿತ್ತು. ಗ್ರಾಹಕರಿಗೆ ತಿಳಿಸದೆಯೇ ಲಕ್ಷಗಟ್ಟಲೆ ಖಾತೆಗಳು ಹುಟ್ಟಿಕೊಂಡವು. 2016ರಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು. ಕೆಲವೇ ವರ್ಷಗಳಲ್ಲಿ ಸುಮಾರು 5,300 ಮಂದಿಯನ್ನು ಅದು ಕೆಲಸದಿಂದ ತೆಗೆದಿತ್ತು. ಆದರೂ ಮಾರಾಟದ ಅಂಕಿ ಮೇಲೇರುತ್ತಲೇ ಇತ್ತು ನೋಡಿ! ಆದ್ದರಿಂದ ರವಾನೆಯ ಅಂಕಿಯ ಪಕ್ಕದಲ್ಲೇ ರಿಜೆಕ್ಷನ್ (ದೋಷದಿಂದ ತಿರಸ್ಕೃತವಾದ ಸರಕಿನ) ಅಂಕಿಯನ್ನೂ ಇಡಿ, ಒಂದನ್ನು ಏರಿಸಲು ಇನ್ನೊಂದನ್ನು ಕೆಡಿಸಿದರೆ ಅಲ್ಲೇ ಕಾಣುತ್ತದೆ.

ತಂತ್ರಾಂಶ ಬೇಡವೆನ್ನುತ್ತಿಲ್ಲ. ಆದರೆ ಚೆಕ್ ಬರೆಯುವ ಮುನ್ನ ನಿಮ್ಮದೇ ಹತ್ತು ಹಳೆಯ ಆರ್ಡರ್‌ಗಳನ್ನು ಅವರ ಮುಂದಿಟ್ಟು, ತಡವನ್ನು ಯಾವ ದಿನಾಂಕದಿಂದ ಎಣಿಸುತ್ತೀರಿ ಎಂದು ಕೇಳಿ.