ಕೆರೆಗೆ ಬೆಂಕಿ ಬಿದ್ದ ಕಥೆಗೆ ಯಾರೂ ನಗಲಿಲ್ಲ, ಯಾಕೆ?

ಪ್ರಶ್ನೆ: ಪರಿಸರ ಹಾಳಾಗುವುದರ ಬಗ್ಗೆ ಒಂದು ವಿಡಂಬನೆ ಕಥೆ ಬರೆದಿದ್ದೇನೆ. ಊರ ಕೆರೆ ಹೊತ್ತಿ ಉರಿಯುತ್ತದೆ. ಊರಿನವರೆಲ್ಲ ಪೆದ್ದರು, ಕಥೆ ಹೇಳುವವನೊಬ್ಬನಿಗೇ ಎಲ್ಲ ಗೊತ್ತು. ಕೊನೆಯ ಪುಟದಲ್ಲಿ ಅವನದೊಂದು ಭಾಷಣವೂ ಇದೆ. ಗೆಳೆಯರು ಓದಿ, ‘ಇದು ಪೇಪರ್‌ನಲ್ಲಿ ಬಂದಿತ್ತಲ್ಲ’ ಅಂದರು. ಮಳೆಗಾಗಿ ಮಾಡುವ ಕಪ್ಪೆ ಮದುವೆಯನ್ನೂ ಕಥೆಗೆ ತರಬಹುದಾ? ಇನ್ನೂ ಜಾಸ್ತಿ ಉಪ್ಪು ಖಾರ ಹಾಕಬೇಕಾ ಸರ್?

ಉತ್ತರ: ಬೇಡ. ನಿಮ್ಮ ಗೆಳೆಯರು ಹೇಳಿದ್ದು ಸರಿ. ಬೆಂಗಳೂರಿನ ಬೆಳ್ಳಂದೂರು ಕೆರೆಗೆ 2015, 2017, 2018ರಲ್ಲಿ ಬೆಂಕಿ ಬಿದ್ದಿತ್ತು. ಅದನ್ನು ಮೀರಿಸುವ ಬೆಂಕಿ ಹಚ್ಚಲು ಹೊರಟರೆ ನೀವೇ ಸುಸ್ತಾಗುತ್ತೀರಿ.

ಅನಾಹುತವನ್ನು ಇದ್ದ ಹಾಗೆ ಎರಡು ಸಾಲಲ್ಲಿ ಹೇಳಿ ಮುಗಿಸಿ. ಆಮೇಲೆ ಜನ ಏನು ಮಾಡಿದರು ಅನ್ನುವುದೇ ಕಥೆ. ಅದೇ ಕೆರೆಯ ನೊರೆ ನೋಡಿ. ಶುದ್ಧ ಮಾಡದ ಕೊಳಚೆ, ಅದರಲ್ಲಿ ಬಟ್ಟೆ ಸೋಪಿನ ರಾಸಾಯನಿಕ. ಕೋಡಿಯಲ್ಲಿ ನೀರು ಧುಮುಕುವಾಗ ನೊರೆ ಏಳುತ್ತಿತ್ತು, ಗಾಳಿಗೆ ರಸ್ತೆಗೆ ಹಾರುತ್ತಿತ್ತು. ಅದಕ್ಕೆ ಮಾಡಿದ್ದೇನು? ರಸ್ತೆ ಪಕ್ಕ ಜಾಲರಿ ಕಟ್ಟಿದರು. ಕೊಳಚೆ ಒಳಗೆ ಬರಬಹುದು, ನೊರೆ ಮಾತ್ರ ಆಚೆ ಬರಬಾರದು! ಇಲ್ಲಿ ನೀವು ಒಂದಕ್ಷರವೂ ಸೇರಿಸಬೇಕಿಲ್ಲ.

ಇನ್ನೊಂದು, ಪಾತ್ರಗಳನ್ನು ಪೂರ್ತಿ ಪೆದ್ದರನ್ನಾಗಿ ಮಾಡಬೇಡಿ. 2017ರ ಏಪ್ರಿಲ್‌ನಲ್ಲಿ ತಮಿಳುನಾಡಿನ ಸಚಿವರೊಬ್ಬರು ವೈಗೈ ಜಲಾಶಯದ ನೀರು ಆವಿಯಾಗದಿರಲಿ ಅಂತ ಥರ್ಮಾಕೋಲ್ ಹಾಳೆ ಹಾಸಿಸಿದರು. ಹಾಳೆಗಳನ್ನು ಜೋಡಿಸಿದ್ದು ಟೇಪಿನಲ್ಲಿ. ಗಾಳಿ ಬೀಸಿತು, ಹಾಳೆಗಳು ದಡ ಸೇರಿದವು. ದೇಶವೆಲ್ಲ ನಕ್ಕಿತು. ಆದರೆ ನೀರಿಗೆ ಹೊದಿಕೆ ಹಾಕಿದರೆ ಆವಿಯಾಗುವುದು ಕಡಿಮೆ ಅನ್ನುವುದು ನಿಜ. 2015ರಲ್ಲಿ ಲಾಸ್ ಏಂಜಲೀಸ್‌ನವರು ಒಂದು ಜಲಾಶಯದಲ್ಲಿ 9.6 ಕೋಟಿ ಕಪ್ಪು ಪ್ಲಾಸ್ಟಿಕ್ ಚೆಂಡು ತೇಲಿಬಿಟ್ಟಿದ್ದರು. (ನೀರು ಕೆಡಬಾರದು ಅನ್ನುವುದು ಅವರ ಮುಖ್ಯ ಕಾರಣ, ಆವಿಯಾಗದೆ ನೀರು ಉಳಿದದ್ದು ಜೊತೆಗೆ ಬಂದ ಲಾಭ.) ಅಂದರೆ ಸಚಿವರ ಯೋಚನೆ ಅರ್ಧ ಸರಿಯಿತ್ತು. ನಗು ಇರುವುದು ಆ ಟೇಪಿನಲ್ಲಿ. ಜಲಾಶಯಕ್ಕೆ ಎಷ್ಟು ರೋಲು ಸಾಕು ಅಂತ ಲೆಕ್ಕ ಹಾಕಿ, ಫೈಲಿಗೆ ಸಹಿ ಮಾಡಿದವನನ್ನು ನಿಮ್ಮ ಕಥೆಗಾಗಿ ಹುಟ್ಟಿಸಿ. ಅವನು ಬುದ್ಧಿವಂತನೇ ಆಗಿರಲಿ.

ಕಪ್ಪೆ ಮದುವೆ ತರಬಹುದಾ ಅಂತಲೂ ಕೇಳಿದ್ದೀರಿ. 2019ರಲ್ಲಿ ಭೋಪಾಲ್‌ನಲ್ಲಿ ಮಳೆಗಾಗಿ ಕಪ್ಪೆಗಳಿಗೆ ಮದುವೆ ಮಾಡಿ, ಮಳೆ ಜಾಸ್ತಿಯಾದಾಗ ಡೈವೋರ್ಸನ್ನೂ ಮಾಡಿಸಿದ್ದರು. ಒಳ್ಳೇ ತಮಾಷೆ. ಆದರೂ ನಾನಾಗಿದ್ದರೆ ಬಿಡುತ್ತಿದ್ದೆ. ಮಳೆಗಾಗಿ ಬೇಡಿಕೊಂಡವರನ್ನು ನೋಡಿ ನಗುವುದು ಸುಲಭ. ಕೊಳಚೆ ಬಿಟ್ಟವರು ಅಷ್ಟರಲ್ಲಿ ತಪ್ಪಿಸಿಕೊಂಡಿರುತ್ತಾರೆ.

ಕೊನೆಯ ಪುಟದ ಭಾಷಣ ತೆಗೆದುಬಿಡಿ. ಅಲ್ಲಿ ನಿಮ್ಮ ಜಾಣ ಕಥೆಗಾರನನ್ನು ಬಾಲ್ಕನಿಯಲ್ಲಿ ನಿಲ್ಲಿಸಿ. ನೊರೆಯ ವಿಡಿಯೊ ಮಾಡುತ್ತಿರಲಿ. ಬಚ್ಚಲಲ್ಲಿ ಅವನ ಮನೆಯ ವಾಷಿಂಗ್ ಮಷೀನ್ ಗುಳುಗುಳು ಅಂತ ನೀರು ಬಿಡುತ್ತಿರಲಿ. ವಿಡಿಯೊದಲ್ಲಿ ಸದ್ದು ಬರುತ್ತದೆ ಅಂತ ಅವನು ಹೋಗಿ ಬಚ್ಚಲ ಬಾಗಿಲು ಹಾಕಲಿ.